ಎರಡು ಬೆರಳು ಎಡಕ್ಕೆ

"ಯಾರಮ್ಮಾ ಈ ಗೆರೆ ಎಳೆದಿದ್ದು? ಕಣ್ಣು ಮುಚ್ಕೊಂಡು ಎಳೆದ್ರಾ?" ಎನ್ನುತ್ತ ಮೇಷ್ಟ್ರು ಹೊಸ ಗೆರೆಯನ್ನು ಎರಡು ಬೆರಳು ಎಡಕ್ಕೆ ಎಳೆದರು. ಮೇಜಿನ ಮೇಲಿದ್ದದ್ದು ಕೋತಿಯ ಮಿದುಳಿನ ತೆಳುವಾದ ಒಂದು ಪದರದ ಹಿಗ್ಗಿಸಿದ ಚಿತ್ರ. ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್ ಎಂಬ ಭಾಗ ಎಲ್ಲಿ ಮುಗಿದು, ಪಕ್ಕದ ಸುಬಿಕ್ಯುಲಮ್ ಎಲ್ಲಿ ಶುರುವಾಗುತ್ತದೆಂದು ಅದರಲ್ಲಿ ಗುರುತಿಸಬೇಕು. ಅವರು ಒಪ್ಪಿ ಸಹಿ ಹಾಕದೆ, ಎದುರಿಗೆ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿಯ ಪಿಎಚ್.ಡಿ. ಪ್ರಬಂಧ ಮುಂದೆ ಹೋಗುವಂತಿಲ್ಲ. ಸಲ್ಲಿಸಲು ಇವತ್ತೇ ಕೊನೆ.

"ನೀವೇ ಎಳೆದಿದ್ದು ಸರ್, ಹೋದ ತಿಂಗಳು," ಎಂದಳು ಅವಳು. "ಹಾಳೆ ತಿರುಗಿಸಿ, ತಾರೀಖಿದೆ. ಎರಡು ವರ್ಷದಿಂದ ನಿಮ್ಮ ಗೆರೆ ಹಿಂದೆ ಓಡಿ ಓಡಿ ನನಗೂ ಸಾಕಾಗಿದೆ."

ಮೇಷ್ಟ್ರು ಹಾಳೆ ತಿರುಗಿಸಿದರು. ತಮ್ಮದೇ ಕೈಬರಹ. ಕನ್ನಡಕವನ್ನು ಹಣೆಗೇರಿಸಿ, ಅದೇ ಪದರವನ್ನಿಟ್ಟಿದ್ದ ಸೂಕ್ಷ್ಮದರ್ಶಕಕ್ಕೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. "ಈ ಕಡೆಯ ಜೀವಕೋಶಗಳು ಆ ಕಡೆಯವುಗಳ ಮೇಲೆ ಹತ್ತಿ ಕೂತಿವೆಯಲ್ಲಮ್ಮಾ," ಎಂದು ಗೊಣಗಿದರು. "ಯಾವುದು ಎಲ್ಲಿ ಮುಗೀತು ಅಂತ ಹೇಳೋದು?"

ಅವಳು ಅವರ ಪೆನ್ಸಿಲ್ ತೆಗೆದುಕೊಂಡು ಎರಡು ಗೆರೆಗಳ ನಡುವಿನ ಜಾಗವನ್ನೆಲ್ಲ ಒಂದೇ ಸಮನೆ ತೀಡಿ ಬೂದಿಬಣ್ಣ ಮಾಡಿದಳು. "ಇಷ್ಟೂ ಗಡಿಯೇ ಸರ್. ಹೀಗೇ ಬರೀತೀನಿ."

"ಪರೀಕ್ಷಕರು ಏನಿದು ಅಂತ ಕೇಳಿದ್ರೆ?"

"ನನ್ನ ಗೈಡ್ ಎರಡು ಸಲ ನೋಡಿದ್ರು, ಎರಡು ಸಲವೂ ಸರಿಯಾಗೇ ಹೇಳಿದ್ರು ಅಂತೀನಿ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಸಹಿ ಹಾಕಲು ಪೆನ್ಸಿಲ್ಲಿಗೆ ಕೈ ಚಾಚಿದರು. ಅವಳು ಪೆನ್ನು ಕೊಟ್ಟಳು.