ಟವೆಲ್ ಹಾಕಿದ ಸೀಟು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಮೀಸೆ ಬೋಳಿಸಿ ನಿಮ್ಮ ಕೈಗೆ ಕೊಡುತ್ತೇನೆ. ಹಾವೇರಿ ಸ್ಟ್ಯಾಂಡಿನಲ್ಲಿ ಗುತ್ತಲದ ಬಸ್ಸಿನ ಕಿಟಕಿಯಿಂದ ಹೊಳಿಯಪ್ಪ ಸೀಟಿಗೆ ಎಸೆದ ಟವೆಲನ್ನು ಮೆಡಿಕಲ್ ರೆಪ್ ಋಷಿಕೇಶ ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟು, ತಾನೇ ಕೂತುಬಿಟ್ಟ. ಹೊಳಿಯಪ್ಪ ಆ ಸೀಟು ಹಿಡಿದದ್ದು ಹೆಂಡತಿ ಭರಮವ್ವನಿಗಾಗಿ. ಮೊಣಕಾಲು ಬಾತು ಆಕೆಗೆ ನಿಲ್ಲಲು ಆಗುತ್ತಿರಲಿಲ್ಲ.

"ಏಳೋ ತಮ್ಮಾ. ಬಿಪಿ ಗುಳಿಗಿ ನುಂಗೇನಿ ಅಂತ ಬಾಯಿಲೆ ಹೇಳಾಕತ್ತೇನಿ. ಇಲ್ಲಂದ್ರ ಇಷ್ಟೊತ್ತಿಗೆ ಎದಿ ಧಡಧಡ ಬಡಕೊಂಡು ನಿನ್ನ ಕಾಲರ್ ನನ್ನ ಕೈಯಾಗ ಇರ್ತಿತ್ತು," ಎಂದ ಹೊಳಿಯಪ್ಪ, ತಣ್ಣಗೆ.

ಅವನ ಜೇಬಿನಿಂದ ಇಣುಕುತ್ತಿದ್ದ ಗುಳಿಗೆಯ ಪಟ್ಟಿ ಕಂಡು ಋಷಿಕೇಶನಿಗೆ ಖುಷಿಯಾಯಿತು. "ನಮ್ಮ ಕಂಪನೀದ ಐತಲ್ರಿ ಕಾಕಾ! ಸಿಟ್ಟು ಬಂದ್ರ ರಕ್ತದಾಗ ಅಡ್ರಿನಾಲಿನ್ ಬರ್ತೈತಿ. ಅದು ಕುಂದ್ರಾಕ ಹೃದಯದಾಗ ಸೀಟ್ ಅದಾವು. ಈ ಗುಳಿಗಿ ಮೊದ್ಲ ಹೋಗಿ ಅಲ್ಲೆ ಟವೆಲ್ ಹಾಕಿರ್ತೈತಿ. ಅಡ್ರಿನಾಲಿನ್‌ಗೆ ಜಾಗಾ ಸಿಗೂದಿಲ್ಲ, ಎದಿ ಬಡಕೊಳ್ಳೂದಿಲ್ಲ."

"ಗುಳಿಗಿ ಹಾಕಿದ ಟವೆಲ್ಲಿಗೆ ಕಿಮ್ಮತ್ ಐತಿ, ನನ್ನ ಗಂಡ ಹಾಕಿದ್ದಕ್ಕ ಇಲ್ಲೇನು?" ಭರಮವ್ವನ ಮೂಗಿನ ಹೊಳ್ಳೆ ಅರಳಿತು. "ಆ ಗುಳಿಗೀನ ಯಾರಿಗೂ ಎಬ್ಬಿಸಾಕ ಆಗೂದಿಲ್ಲೇನೋ?"

"ಆಗ್ತೈತ್ರಿ ಯವ್ವಾ. ಅಡ್ರಿನಾಲಿನ್ ಭಾಳ ಬಂತಂದ್ರ ಗುಳಿಗೀನ ದಬ್ಬಿ ತಾನ ಕುಂದ್ರ..."

ಭರಮವ್ವ ಸೆರಗು ಸಿಕ್ಕಿಸಿಕೊಂಡು ಅವನ ತೊಡೆಯ ಮೇಲೇ ಕೂತಳು. ಆಕೆ ಯಾವ ಗುಳಿಗೆಯನ್ನೂ ನುಂಗುತ್ತಿರಲಿಲ್ಲ.