ಮಯೂರಿಯ ಎಲೆ

ಅನ್ನ ಆರಿತ್ತು. ಮಯೂರಿ ಇನ್ನೂ ಮುಟ್ಟಿರಲಿಲ್ಲ.

ಚಪಳಗಾಂವದ ಹಳ್ಳದ ಪಕ್ಕದ ಕಟ್ಟೆಯ ಮೇಲೆ ಎಲೆ ಬಡಿಸಿ, ಮನೆಯವರೆಲ್ಲ ದೂರ ಸರಿದು ನಿಂತಿದ್ದರು. ಯಾರಾದರೂ ನೋಡುತ್ತಿದ್ದರೆ ಅವಳು ತುತ್ತು ಎತ್ತುವವಳಲ್ಲ. ಸೋಲಾಪುರದ ಕಾಲೇಜು ಸೇರಿದಾಗಿನಿಂದ ಅದು ಎಲ್ಲರಿಗೂ ಗೊತ್ತಿತ್ತು.

ಅಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗಿನ ಕುಣಿತದಲ್ಲಿ ಅವಳನ್ನು ಹಿಂದಿನ ಸಾಲಿಗೆ ಹಾಕಿದ್ದರು. ದಪ್ಪ ಕಾಣುತ್ತಾಳಂತೆ. ಅಂದಿನಿಂದ ರೊಟ್ಟಿ ಅರ್ಧವಾಯಿತು, ಆಮೇಲೆ ಆ ಅರ್ಧವೂ ಹೋಯಿತು. ಬೆಳಿಗ್ಗೆ ಓಟ, ಸಂಜೆ ಓಟ. ಊಟವೆಂದರೆ ಸೌತೆಕಾಯಿ. ಬಳೆ ಮೊಣಕೈವರೆಗೆ ಜಾರುತ್ತಿದ್ದರೂ ಕನ್ನಡಿಯ ಮುಂದೆ ಹೊಟ್ಟೆ ಚಿವುಟಿ ನೋಡಿಕೊಳ್ಳುತ್ತಿದ್ದಳು. ಎದೆಬಡಿತ ಸರಿಯಿಲ್ಲ, ಓಡಬೇಡ ಎಂದರು ಡಾಕ್ಟರು. ಮರುದಿನವೂ ಓಡಿದಳು.

"ಅಕಿ ಉಣ್ಣೂತನಕ ನಮ್ಮ ಬಾಯಿಗೂ ನೀರಿಲ್ಲ," ಎಂದಳು ಸೋದರತ್ತೆ ಇಂದುಬಾಯಿ. "ಮನಸಿನಾಗ ಏನೋ ಹಿಡದಾಳ. ಏನಂತ ಕೇಳ್ರಿ."

ಅಪ್ಪ ಭೀಮಣ್ಣ ಮುಂದೆ ಬಂದ. ಬೋಳುತಲೆಗೆ ಬಿಸಿಲು ಹೊಸದು, ಟಾವೆಲ್ ಎಳೆದುಕೊಂಡ.

"ಉಣ್ಣವ್ವಾ. ಯಾರ ಮ್ಯಾಲ ಸಿಟ್ಟು?"

ಎಲೆ ಹಾಗೇ ಇತ್ತು.

ಅಣ್ಣ ಸ್ವಪ್ನಿಲ ಕೈ ಮುಗಿದ. "ಇನ್ನ ಯಾರಿಗೂ ಡುಮ್ಮಿ ಅನ್ನೂದಿಲ್ಲ, ಮಯೂರಿ."

ಗೆಳತಿ ದೀಪಾಲಿ ನೆಲ ನೋಡುತ್ತ ಹೇಳಿದಳು: "ಮುಂದಿನ ಲೈನಿನಾಗ ನಡುವಿನ ಜಾಗಾ ನಿನಗಂತ ಬಿಟ್ಟೀವಿ."

ಗಾಳಿಗೆ ಎಲೆಯ ತುದಿ ಅಲುಗಿತು, ಅಷ್ಟೇ.

"ತುಪ್ಪ ಕಂಡ್ರ ಮಾರಿ ತಿರುವಾಕಿ," ಇಂದುಬಾಯಿ ಮಯೂರಿಯ ಅವ್ವನತ್ತ ತಿರುಗಿದಳು. "ನೀ ನೋಡಿದ್ರ ಬಿಂದಗಿ ಸುರವೀದಿ."

ಬೈದು, ಅತ್ತು, ಬಾಯಿಗೆ ತುರುಕಿ ಸೋತವಳು ಅವ್ವ ನೀಲಾಬಾಯಿಯೇ. ಎಲೆಯ ಬಳಿ ಹೋದಳು. ಶೇಂಗಾ ಹೋಳಿಗೆಯ ಮೇಲಿನ ತುಪ್ಪವನ್ನು ಸೆರಗಿನಿಂದ ಒರೆಸಿದಳು. ರೂಢಿ ತಪ್ಪದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಸೌತೆಕಾಯಿಯನ್ನು ಮುರಿದು ತುದಿಗಿಟ್ಟಳು.

"ಬ್ಯಾಡಾದ್ರ ಬಿಡವ್ವಾ," ಎಂದಳು. "ನಾ ಇನ್ನ ಒತ್ತಾಯ ಮಾಡೂದಿಲ್ಲ."

ತಿರುಗಿ ನೋಡದೆ ಬಂದಳು.

ಬೇವಿನ ಮರದಿಂದ ಕಾಗೆಯೊಂದು ಇಳಿಯಿತು. ಹತ್ತನೆಯ ದಿನದ ಪಿಂಡ ಬಿಟ್ಟು, ಹೋಳಿಗೆ ಬಿಟ್ಟು, ಸೌತೆಕಾಯಿಯ ತುಂಡೊಂದನ್ನೇ ಕಚ್ಚಿಕೊಂಡು ಹಾರಿತು.