ಮುಂದಕ್ಕೆ ಸರಿದ ಸೀಟು

ನಾರ್ಬರ್ಟ್ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಆಪರೇಷನ್ ಆದ ಎಡಗಾಲನ್ನು ಮುಂದಕ್ಕೆ ಚಾಚಿ, ಶೆವೆಲ್ ಕಾರಿನ ಬಂಪರನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದ. ಹೆಂಡತಿ ಡಾರ್ಲಾ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನಕ್ಕೆಂದು ಮುಸುಕಿನ ಜೋಳದ ಸಿಪ್ಪೆ ಬಿಡಿಸುತ್ತಿದ್ದಳು. ಒರೆಸಿದ ಜಾಗವನ್ನೇ ಅವನು ಮತ್ತೆ ಒರೆಸಿದ. ಅವಳು ನೋಡಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿರುವುದು ಆ ಮನೆಯಲ್ಲಿ ಹೊಸದು.

ಯಾರದೋ ಹೊಲದಂಚಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಎಪ್ಪತ್ತರ ಇಸವಿಯ ಗಾಡಿ ಅದು. ನಾರ್ಬರ್ಟ್ ಎಳೆದು ತಂದು, ಒಂಬತ್ತು ವರ್ಷ ಬಿಚ್ಚಿ ಜೋಡಿಸಿ, ಕಡುನೀಲಿ ಬಳಿದು, ಮೇಲೆ ಎರಡು ಬಿಳಿ ಪಟ್ಟೆ ಎಳೆದಿದ್ದ. ಒಂಬತ್ತು ವರ್ಷವೂ ಡಾರ್ಲಾ ಅದನ್ನು ‘ಆ ತಗಡು’ ಎಂದೇ ಕರೆದಳು. ತಗಡು ಒಳಗಿದ್ದುದರಿಂದ ಕ್ಲಚ್ಚಿಲ್ಲದ ಅವಳ ಆಟೊಮ್ಯಾಟಿಕ್ ಕಾರು ಒಂಬತ್ತು ಚಳಿಗಾಲ ಹೊರಗೆ ಹಿಮದಲ್ಲಿ ನಿಂತಿತ್ತು. ಈಗ ಡಾಕ್ಟರು, ಈ ಮಂಡಿಯಲ್ಲಿ ಇನ್ನು ಅಂಥ ಬಿಗಿ ಕ್ಲಚ್ ತುಳಿಯಲಾಗದು ಎಂದುಬಿಟ್ಟಿದ್ದರು. “ಓಡ್ಸೋಕಾಗ್ದೋನು ಗಾಡಿ ಇಟ್ಕೊಬಾರ್ದು” ಎಂದು ನಾರ್ಬರ್ಟ್ ತಾನೇ ಮಾರಾಟದ ಜಾಹೀರಾತು ಬರೆದ. ಬರೆದು ಮುಗಿಸಿ ಊಟ ಬಿಟ್ಟ.

ಒಂಬತ್ತಕ್ಕೆ ಸರಿಯಾಗಿ ಟೊಲೆಡೊ ಪಟ್ಟಣದಿಂದ ಗಾಡಿ ಕೊಳ್ಳಲು ಕೀತ್ ಬೆಕ್ಲಿ ಬಂದಿಳಿದ. ದಪ್ಪ ಆಳು, ಅಂಗಿಯ ಜೇಬಿನಲ್ಲಿ ಬ್ಯಾಂಕಿನ ಚೆಕ್ಕು. ಕೈ ಕುಲುಕುವ ಮೊದಲೇ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟ.

“ಏನ್ ಯಜಮಾನ್ರೇ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ನೋಡ್ಬೇಕು, ಮುಟ್ಬೇಡಿ ಅಂತ ಫೋನಲ್ಲೇ ಹೇಳಿದ್ನಲ್ಲ? ಇದು ಬೆಚ್ಚಗಿದೆ.”

“ಬೆಚ್ಚಗಾ? ನಾನಿದನ್ನ ಓಡ್ಸಿ ಏಳು ವಾರ ಆಯ್ತು.”

“ಮಾರೋರೆಲ್ಲ ಹಂಗೇ ಹೇಳೋದು. ಕೆಟ್ಟ ಎಂಜಿನ್ ತಣ್ಣಗಿದ್ರೆ ಕೆಮ್ಮುತ್ತೆ. ಅದಕ್ಕೇ ನಾವು ಬರೋಕ್ಮುಂಚೆ ಬಿಸಿ ಮಾಡಿ ಇಟ್ಟಿರ್ತೀರಿ.”

ನಾರ್ಬರ್ಟನ ಕಿವಿ ಕೆಂಪಾದವು. ಊರಿನಲ್ಲಿ ಯಾರೂ ಅವನನ್ನು ಸುಳ್ಳುಗಾರ ಎಂದಿರಲಿಲ್ಲ. ಜಿಪುಣ ಎಂದಿದ್ದರು, ಅದು ಬೇರೆ. ಅವನೂ ಬಾನೆಟ್ ಮೇಲೆ ಕೈ ಇಟ್ಟ. ನಿಜಕ್ಕೂ ಬೆಚ್ಚಗಿತ್ತು. ಮೆಟ್ಟಿಲ ಮೇಲೆ ಡಾರ್ಲಾ ತಲೆ ತಗ್ಗಿಸಿ, ತೆನೆಯ ಕೂದಲನ್ನು ಒಂದೊಂದಾಗಿ ಕೀಳತೊಡಗಿದಳು.

“ಇರ್ಲಿ, ಕೂತಾದ್ರೂ ನೋಡ್ತೀನಿ” ಎಂದು ಕೀತ್ ಬಾಗಿಲು ತೆಗೆದು ಒಳಗೆ ತೂರಿದ. ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು, ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. “ಅಯ್ಯಯ್ಯೋ! ಇದನ್ನ ಓಡ್ಸೋರು ಯಾರ್ರೀ, ಮೂರನೇ ಕ್ಲಾಸ್ ಹುಡ್ಗೀನಾ?”

ನಾರ್ಬರ್ಟ್ ಆರಡಿ ಎರಡಿಂಚಿನ ಮನುಷ್ಯ. ಅವನು ಸೀಟನ್ನು ನೋಡಿದ. ಅದು ಎಷ್ಟು ಸಾಧ್ಯವೋ ಅಷ್ಟೂ ಮುಂದಕ್ಕೆ ಸರಿದು ನಿಂತಿತ್ತು. ಆಮೇಲೆ ಐದಡಿ ತುಂಬದ ಹೆಂಡತಿಯನ್ನು ನೋಡಿದ.

“ಡಾರ್ಲಾ.”

“ಏನು?”

“ಡಾರ್ಲಾ!”

“ದಿನಾ ಹಿಂದಕ್ಕೆ ತಳ್ಳಿ ಇಡ್ತಿದ್ದೆ. ಇವತ್ತೊಂದಿನ ಮರ್ತೆ.” ಅವಳು ತೆನೆಯನ್ನು ಬುಟ್ಟಿಗೆ ಹಾಕಿದಳು. “ಬೆಳಿಗ್ಗೆ ನೀನು ಪೆಟ್ರೋಲ್ ಬಂಕಲ್ಲಿ ಆ ಮುದುಕರ ಜೊತೆ ಕಾಫಿ ಕುಡೀತಾ ದೇಶ ಉದ್ಧಾರ ಮಾಡ್ತಿರ್ತೀಯಲ್ಲ, ಆ ಹೊತ್ತಲ್ಲಿ.”

“ನಿಂಗೆ ಕ್ಲಚ್ ಗಾಡಿ ಬರಲ್ವಲ್ಲ!”

“ಬರ್ತಿರ್ಲಿಲ್ಲ. ಮೊದಲ್ನೇ ವಾರ ಅಂಚೆ ಡಬ್ಬಿ ತನಕಾನೂ ಹೋಗ್ಲಿಲ್ಲ, ಕುಪ್ಪಳಿಸಿ ಕುಪ್ಪಳಿಸಿ ನಿಂತ್ಕೊಳ್ತು. ಎರಡ್ನೇ ವಾರ ಚರ್ಚಿನ ತಿರುವಲ್ಲಿ ಆಫ್ ಆಯ್ತು, ಹಿಂದೆ ಫಾದರ್ ಗಾಡಿ. ಪಾಪ, ಹಾರ್ನ್ ಹೊಡೀಲಿಲ್ಲ. ಪ್ರಾರ್ಥನೆ ಮಾಡ್ತಿದ್ರೋ ಏನೋ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಪಕ್ಕದಲ್ಲಿ ಕೂತು ಪಾಠ ಮಾಡ್ತಿದ್ದೆ. ಮೂವತ್ತೆಂಟು ವರ್ಷದ ಸಂಸಾರ, ಒಂದು ಗೇರಿಗೋಸ್ಕರ ಯಾಕೆ ಮುರೀಬೇಕು?”

“ಜಾಹೀರಾತು ಹಾಕೋವಾಗ್ಲೂ ಬಾಯಿ ಬಿಡ್ಲಿಲ್ವಲ್ಲೇ!”

“ಎರಡ್ನೇ ಗೇರು ಸರಿಯಾಗಿ ಬೀಳ್ಲಿ, ಆಮೇಲೆ ಹೇಳೋಣ, ಮಾರೋದು ಬೇಡ ಅನ್ನೋಣ ಅಂತಿದ್ದೆ. ಅಷ್ಟ್ರಲ್ಲಿ ಇವ್ರು ಬಂದ್ರು.”

ಇವ್ರು ಅಂದರೆ ಕೀತ್. ಅವನು ಇನ್ನೂ ಸ್ಟೀರಿಂಗಿನಿಂದ ಹೊಟ್ಟೆ ಬಿಡಿಸಿಕೊಳ್ಳುತ್ತಿದ್ದ. “ಸೀಟು ಹಿಂದಕ್ಕೆ ಹೋಗೋದಾದ್ರೂ ಹೇಗೆ, ಅಮ್ಮಾ?”

“ಇಳೀರಿ, ಸೀಟಿನ ಹಿಡಿ ಬಿಗಿ. ನಿಮ್ಮ ಮಾತು ಕೇಳಲ್ಲ.” ಅವನು ಹೊರಬಂದ ಜಾಗಕ್ಕೆ ಡಾರ್ಲಾ ಹೋಗಿ ಕೂತಳು. ಸೀಟು ಅವಳಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಹಿಡಿಗೆ ಹೋಗಬೇಕಿದ್ದ ಕೈ ಗೇರಿನ ಮೇಲೆ ಹೋಗಿ ನಿಂತಿತು.

“ಕ್ಲಚ್ ಪೂರ್ತಿ ತುಳಿ” ಎಂದ ನಾರ್ಬರ್ಟ್.

“ಶುರುವಾಯ್ತಾ?” ಎಂದಳು. ಎಂದು, ಪೂರ್ತಿ ತುಳಿದು ಕೀಲಿ ತಿರುಗಿಸಿದಳು. ಗಾಡಿ ಒಂದೇ ಸಲಕ್ಕೆ ಗುಡುಗಿತು, ಗ್ಯಾರೇಜಿನ ಕಿಟಕಿ ಗಾಜು ನಡುಗಿದವು.

ನಾರ್ಬರ್ಟ್ ಕುಂಟುತ್ತಾ ಆ ಕಡೆಯಿಂದ ಸುತ್ತಿ ಬಂದು ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತ. ಒಂಬತ್ತು ವರ್ಷದಲ್ಲಿ ಅವನು ಆ ಕಡೆ ಕೂತಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ, ಬೀಗರ ಮನೆಗೆ ಬಂದವನಂತೆ ತೊಡೆಯ ಮೇಲಿಟ್ಟುಕೊಂಡ.

“ಎರಡ್ನೇ ಗೇರು ಬೀಳುತ್ತಾ?”

“ಬೈದ್ರೆ ಬೀಳುತ್ತೆ.”

ಇಬ್ಬರೂ ಮುಂದಿನ ಗಾಜಿನಾಚೆ ರಸ್ತೆಯನ್ನೇ ನೋಡುತ್ತಿದ್ದರು. ಕೀತ್ ಕಿಟಕಿಗೆ ಬಗ್ಗಿದ.

“ಅಮ್ಮಾ, ಸ್ವಲ್ಪ ಇಳೀತೀರಾ? ನಾನೂ ಒಂದ್ಸಲ ಓಡ್ಸಿ ನೋಡ್ತೀನಿ.”

ಡಾರ್ಲಾ ಇಳಿಯುವ ಬದಲು ಮೊದಲನೇ ಗೇರು ಹಾಕಿದಳು, ನಾರ್ಬರ್ಟ್ ತನ್ನ ಕಡೆಯ ಬಾಗಿಲನ್ನು ಎಳೆದು ಮುಚ್ಚಿದ.